ನಿದ್ದೆಗೆ ಸಾಕ್ಷಿ ಯಾರು

ಬೇಸಿಗೆ ಬಂತೆಂದರೆ ನಾವು ಮಾಳಿಗೆಯ ಮೇಲೆ ಮಲಗುತ್ತೇವೆ. ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹತ್ತರ ಹೊತ್ತಿಗೆ ತಣ್ಣಗಾಗುತ್ತದೆ. ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಲಾರಿಗಳ ಸದ್ದು ಮಂದ್ರೂಪದ ಮನೆಮನೆಗೂ ಕೇಳಿಸುತ್ತದೆ. ನನಗೆ ಮಾತ್ರ ಅದರ ಮೇಲೆ ಇನ್ನೊಂದು ಸದ್ದು: ನಮ್ಮ ಮನೆಯವರ ಗೊರಕೆ.

ಮದುವೆಯಾಗಿ 27 ವರ್ಷ. ಆ ಗೊರಕೆಗೆ ನಾನು ಬೈದಿದ್ದೇನೆ, ಅತ್ತಿದ್ದೇನೆ, ಕಿವಿಗೆ ಅರಳೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ್ದೇನೆ. ಕಳೆದ ಯುಗಾದಿಯ ಸುಮಾರಿನ ಒಂದು ರಾತ್ರಿ ನನಗೆ ಎಚ್ಚರವಾದದ್ದು ಆ ಸದ್ದು ನಿಂತದ್ದರಿಂದ. ನೋಡಿದೆ. ಎದೆ ಏರುತ್ತಿದೆ, ಹೊಟ್ಟೆ ಒಳಗೆ ಜಗ್ಗುತ್ತಿದೆ, ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿಯೇ ಇಲ್ಲ. ಎಣಿಸತೊಡಗಿದೆ. 18ಕ್ಕೆ ಬಂದಾಗ ಇಡೀ ಮೈ ಒಮ್ಮೆ ಅಲುಗಿತು. ಬಾವಿಯಲ್ಲಿ ಮುಳುಗಿ ಮೇಲೆ ಬಂದವರ ಹಾಗೆ ಉಸಿರು ಎಳೆದುಕೊಂಡರು. ಮಗ್ಗಲು ಬದಲಿಸಿದರು, ಕಣ್ಣು ತೆರೆಯಲಿಲ್ಲ. ಆ ರಾತ್ರಿ ನಾನು ಮತ್ತೆ ಮಲಗಲಿಲ್ಲ.

ಬೆಳಿಗ್ಗೆ ಚಹಾ ಕೊಟ್ಟು ಕೇಳಿದೆ, "ನಿದ್ದಿ ಹೆಂಗ ಆತ್ರೀ?"

"ಛಲೋ ಆತು. ಯಾಕ?"

ಮಠದ ಪ್ರವಚನದಲ್ಲಿ ಕೇಳಿದ ಒಂದು ವಾದ ಆಗ ನೆನಪಾಯಿತು. ಗಾಢ ನಿದ್ದೆಯಲ್ಲಿ ಮನಸ್ಸಿಲ್ಲ, ಕನಸಿಲ್ಲ. ಆದರೂ ಎದ್ದವನು ಸುಖವಾಗಿ ಮಲಗಿದ್ದೆ ಅನ್ನುತ್ತಾನೆ. ಹಾಗೆನ್ನಬೇಕಾದರೆ ಆ ಕತ್ತಲೆಯಲ್ಲೂ ಒಳಗೊಬ್ಬ ಸಾಕ್ಷಿ ಎಚ್ಚರವಿದ್ದಿರಲೇಬೇಕು ಎಂದು ವೇದಾಂತಿಗಳು ಹೇಳುತ್ತಾರೆ. ಅದನ್ನು ನಾನು ನಂಬಿದವಳು. ಆದರೆ ಅಂದು ನನ್ನೆದುರು ಇಬ್ಬರು ಸಾಕ್ಷಿಗಳಿದ್ದರು. ಅವರ ಒಳಗಿನ ಸಾಕ್ಷಿ ಸುಖನಿದ್ದೆ ಎಂದಿತು. ಪಕ್ಕದಲ್ಲಿ ಕುಳಿತ ಸಾಕ್ಷಿ ಉಸಿರು ನಿಂತದ್ದನ್ನು ಕಣ್ಣಾರೆ ಕಂಡಿತ್ತು. ಆತ್ಮಕ್ಕೆ ಒಳಗಿನ ಸಾಕ್ಷಿ ಸಾಕಾಗಬಹುದು. ದೇಹಕ್ಕೆ?

ನಮ್ಮ ಅತ್ತೆಯವರು ಇದ್ದಾಗ ಹೇಳುತ್ತಿದ್ದ ಮಾತು ಒಂದೇ: "ಗಂಡಸಿನ ಗೊರಕಿ ಮನಿಗೆ ಧೈರ್ಯ, ತಾಳಿಕೋ." ಮರಾಠಿಯ ಘೋರಣೆ, ನಮ್ಮ ಗೊರಕೆ, ಎರಡಕ್ಕೂ ಈ ಭಾಗದ ಹೆಂಗಸರಿಗೆ ಸಿಗುವ ಮದ್ದು ತಾಳ್ಮೆಯೇ. ನಾನೂ ಅದನ್ನೇ ಧರ್ಮ ಎಂದುಕೊಂಡಿದ್ದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಜನಕನಿಗೆ ಹೇಳುವ ಭಾಗದಲ್ಲಿ, ಗಾಢನಿದ್ದೆಗೆ ಇಳಿದವನಿಂದ ಸಂಬಂಧಗಳೂ ತಪ್ಪುಗಳೂ ಕಳಚಿಬೀಳುತ್ತವೆ ಎಂಬ ವಿಚಾರವಿದೆ. ಅದು ತಿಳಿದ ಮೇಲೆ ನನ್ನ ಸಿಟ್ಟು ಇಳಿದದ್ದು ನಿಜ. ಮಾಡುವವನೇ ಇಲ್ಲದ ಕೆಲಸಕ್ಕೆ ಯಾರನ್ನು ಬೈಯಲಿ? ಆದರೆ ಸಿಟ್ಟು ಇಳಿದ ಮೇಲೆ ಸುಮ್ಮನಾಗಿಬಿಟ್ಟೆ. ತಪ್ಪು ಯಾರದೂ ಅಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಾಗುವುದಿಲ್ಲ. ಇದು ನನಗೆ ತಿಳಿಯಲು ಇನ್ನೊಂದು ದಿನ ಬೇಕಾಯಿತು. ಮಟಮಟ ಮಧ್ಯಾಹ್ನ, ಕಬ್ಬಿನ ಟ್ರಾಲಿ ಜಗ್ಗುತ್ತಿದ್ದ ಟ್ರ್ಯಾಕ್ಟರಿನ ಮೇಲೆ ಅವರಿಗೆ ಜೋಂಪು ಹತ್ತಿತು. ಟ್ರ್ಯಾಕ್ಟರು ರಸ್ತೆ ಬಿಟ್ಟು ಹೊಲದ ಬದುವಿಗೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಶಿವ ಕಾಯ್ದ.

ಸೊಲ್ಲಾಪುರದ ಕಿವಿ-ಮೂಗು-ಗಂಟಲು ಡಾಕ್ಟರರ ಹತ್ತಿರ ಹೋದೆವು. ಅವರು ಮೊದಲು ಯಂತ್ರವನ್ನೂ ಮುಟ್ಟಲಿಲ್ಲ, ಔಷಧವನ್ನೂ ಬರೆಯಲಿಲ್ಲ. 8 ಪ್ರಶ್ನೆ ಕೇಳಿದರು. ಗೊರಕೆ ಜೋರೇ? ಹಗಲು ದಣಿವೇ? ಬಿಪಿ ಇದೆಯೇ? ತೂಕ ಬಹಳವೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಗಂಡಸೇ? ಒಂದು ಪ್ರಶ್ನೆಗೆ ಮಾತ್ರ ಅವರು ನನ್ನ ಕಡೆ ತಿರುಗಿದರು: ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಇದನ್ನು ರೋಗಿ ತಾನಾಗಿ ಹೇಳಲಾರ. ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಟ್ಟಿದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5 ಸಲ ಅಥವಾ ಅದಕ್ಕೂ ಹೆಚ್ಚಾದರೆ ನಿದ್ದೆಯಲ್ಲಿ ಉಸಿರು ಕಟ್ಟುವ ರೋಗದ ಗುರುತು, 30 ಮುಟ್ಟಿದರೆ ತೀವ್ರ.

ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ನಮ್ಮ ದರ್ಶನಗಳ ಪ್ರಮಾಣದ ಮಾತು ನೆನಪಾಯಿತು. ತನ್ನ ಗೊರಕೆಯ ವಿಷಯದಲ್ಲಿ ಮನುಷ್ಯನಿಗೆ ಪ್ರತ್ಯಕ್ಷ ಪ್ರಮಾಣ ಇಲ್ಲ. ಅವನಿಗಿರುವುದು ಆಪ್ತವಾಕ್ಯ. ನೈಯಾಯಿಕರ ಪ್ರಕಾರ ಆಪ್ತ ಎಂದರೆ ತಾನು ಕಂಡದ್ದನ್ನು ಕಂಡ ಹಾಗೆಯೇ ತಿಳಿಸಬೇಕೆಂಬ ಬಯಕೆ ಇರುವವನು. ಹಾಗಾದರೆ 27 ವರ್ಷ ನಾನು ಆಪ್ತಳಾಗಿದ್ದೆನೇ? ಸಿಟ್ಟಿನಿಂದ "ಹಂದಿ ಹೊಕ್ಕಂಗ ಆಗತದ" ಎಂದು ಕೂಗಿದಾಗ ಅವರು "ನಾ ಎಲ್ಲಿ ಗೊರಕಿ ಹೊಡೀತೀನಿ?" ಎಂದು ಮುಖ ತಿರುಗಿಸಿದ್ದರು. ತಾಳಿಕೊಂಡು ಸುಮ್ಮನಿದ್ದಾಗ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಬೈಗುಳವೂ ಮೌನವೂ ಸಾಕ್ಷಿಯ ಕೆಲಸ ಮಾಡಲಿಲ್ಲ.

ಶರಣರಲ್ಲಿ ಆಯ್ದಕ್ಕಿ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಬೇಯಿಸಿ ಬಡಿಸಲಿಲ್ಲ, ಕೂಗಾಡಲೂ ಇಲ್ಲ. ಹೆಚ್ಚಿನದನ್ನು ಒಯ್ದು ಸುರಿದು ಬಾ ಎಂದಳು. ಗಂಡನಿಗೆ ಕಾಣದ್ದು ಹೆಂಡತಿಗೆ ಕಂಡಿತು. ಆಕೆ ಹೇಳಿದಳು, ಆತ ಕೇಳಿದ. ನಾನೂ ಸಿಟ್ಟಿಲ್ಲದೆ ಹೇಳಲು ಕಲಿಯಬೇಕಿತ್ತು.

ಡಾಕ್ಟರು ಒಂದು ರಾತ್ರಿ ಮನೆಗೆ ಪರೀಕ್ಷೆಯ ಯಂತ್ರ ಕೊಟ್ಟರು. ರೋಗ ಇತ್ತು, ಇನ್ನೂ ಸೌಮ್ಯ ಹಂತದಲ್ಲಿತ್ತು. ತೀವ್ರವಾದರೆ ಮೂಗಿಗೆ ಗಾಳಿ ಒತ್ತುವ ಯಂತ್ರ ಬೇಕು, ಅದನ್ನು 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಜಗತ್ತಿಗೆ ಕೊಟ್ಟರು ಎಂದರು. ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಬೇಕಾದರೆ ಒಂದು ಎಮ್ಮೆ ಮಾರಿಯಾದರೂ ತರುತ್ತಿದ್ದೆ. ಈಗ ಬೇಡ, ಮೊದಲು ಮಲಗುವ ರೀತಿ ಬದಲಿಸಿ ಎಂದರು.

ನಾವು ಮಾಡಿದ್ದು ಇಷ್ಟು. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಹಾಗಾಗಿ ಹಳೆಯ ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಒಂದು ರಬ್ಬರ್ ಚೆಂಡು ಇಟ್ಟೆ. ಹಳೆಯ ಸೊಲ್ಲಾಪುರದ ಚಾದರ ಬಿಗಿಯಾಗಿ ಸುತ್ತಿ ಬೆನ್ನಿಗೆ ಒತ್ತಾಗಿ ಕೊಟ್ಟೆ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಒಂದೊಂದು ಇಟ್ಟಂಗಿ. ರಾತ್ರಿ ಒಂಬತ್ತೂವರೆಯ ಊಟ ಏಳೂವರೆಗೆ ಬಂತು, ನಾಲ್ಕು ರೊಟ್ಟಿ ಎರಡಾದವು. ಮೂಗು ಕಟ್ಟಿದಾಗ ಕಾಯಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ನೇತಿ. ತಂಬಾಕು ಬಿಡುವುದಕ್ಕೆ 3 ತಿಂಗಳು ಹಿಡಿಯಿತು. ಎಲ್ಲ ಸೇರಿ ನೂರು ರೂಪಾಯಿಯ ಒಳಗೇ ಮುಗಿಯಿತು.

ಇವುಗಳ ಜೊತೆಗೆ ಶಂಖ ಸೇರಿದ್ದು ಆಮೇಲೆ. ಜೈಪುರದ ವೈದ್ಯರು 30 ರೋಗಿಗಳ ಮೇಲೆ ಮಾಡಿದ ಒಂದು ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವಾರಕ್ಕೆ 5 ದಿನ, ದಿನಕ್ಕೆ 15 ನಿಮಿಷ, 6 ತಿಂಗಳು ಶಂಖ ಊದಿದವರಲ್ಲಿ ಉಸಿರು ಕಟ್ಟುವುದು ಕಡಿಮೆಯಾಯಿತಂತೆ; ಗಂಟಲ ಸ್ನಾಯು ಬಲಗೊಳ್ಳುವುದು ಕಾರಣವಿರಬಹುದು ಎಂಬುದು ಅವರ ಊಹೆ. ಚಿಕ್ಕ ಅಧ್ಯಯನ, ತೀವ್ರ ರೋಗಕ್ಕೆ ಯಂತ್ರದ ಬದಲು ಅಲ್ಲ. ಆದರೂ ಪಂಢರಪುರಕ್ಕೆ ಹೋದಾಗ ಒಂದು ಶಂಖ ತಂದೆ. ಮೊದಲ ವಾರ ಬರೀ ಗಾಳಿ. ಈಗ ಲಿಂಗಪೂಜೆಯ ನಂತರ ಓಣಿಯ ತುದಿಗೂ ಕೇಳಿಸುತ್ತದೆ.

ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶರಣ ಸಿದ್ಧರಾಮ ಬಾಯಾರಿದವರಿಗೆ ತಾಳ್ಮೆ ಬೋಧಿಸಲಿಲ್ಲ, ಕೆರೆ ಕಟ್ಟಿಸಿದ. ಆಮೇಲೆ ಅಲ್ಲಮ ಬಂದು ಒಳಗಿನ ದಾರಿ ತೋರಿಸಿದ. ಎರಡೂ ಬೇಕು ಎಂಬುದೇ ನಾನು ಸೊಲ್ಲಾಪುರದ ಆ ಕೆರೆಯಿಂದ ಕಲಿತ ಪಾಠ.

ನನ್ನ ದೇಹವೂ ಪ್ರಸಾದವೇ, ಅದಕ್ಕೂ ನಿದ್ದೆ ಬೇಕು. ಆದ್ದರಿಂದ ಸೋಮವಾರ ಮತ್ತು ಗುರುವಾರ, ವಾರಕ್ಕೆ 2 ರಾತ್ರಿ ಒಂದೊಂದು ತಾಸು ಕುಳಿತು ಎಣಿಸುತ್ತೇನೆ. ಉಳಿದ 5 ರಾತ್ರಿ ಕಿವಿಗೆ ಅರಳೆ ಇಟ್ಟು ಮಲಗುತ್ತೇನೆ. ಯೋಗಗ್ರಂಥಗಳು ಮನುಷ್ಯನಿಗೆ ದಿನಕ್ಕೆ 21,600 ಉಸಿರೆಂದು ಲೆಕ್ಕ ಕೊಟ್ಟು, ಪ್ರತಿ ಉಸಿರೂ ತಾನಾಗಿ ನಡೆಯುವ ಅಜಪಾಜಪ ಎನ್ನುತ್ತವೆ. ಮಲಗಿದವರ ಜಪ ತಪ್ಪಿದರೆ ಮಣಿ ಹಿಡಿಯಲು ಪಕ್ಕದಲ್ಲೊಬ್ಬರು ಬೇಕು.

ಎಣಿಸಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಪ್ರದೋಷಗಳ ಪಕ್ಕದಲ್ಲಿ, ಪೆನ್ಸಿಲಿನಿಂದ ಗೀಟು ಹಾಕುತ್ತೇನೆ. ಯುಗಾದಿಯ ತಿಂಗಳಲ್ಲಿ ತಾಸಿಗೆ 11 ಗೀಟು ಇದ್ದವು. ಕಳೆದ ಗುರುವಾರ 4. ಶುಕ್ರವಾರ ಬೆಳಿಗ್ಗೆ ಅವರು ಶಂಖ ಕೆಳಗಿಟ್ಟು, ಚಹಾಕ್ಕೂ ಮೊದಲು ಕ್ಯಾಲೆಂಡರಿನ ಎದುರು ಬಂದು ನಿಂತರು.

"ನಿನ್ನಿ ರಾತ್ರಿ ನಂದು ನಿದ್ದಿ ಹೆಂಗ ಆತು?" ಎಂದು ನನ್ನನ್ನು ಕೇಳಿದರು.