ಮಾಯವಾಗದ ಚಿತ್ರ

ಪರರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್‌ನ 27ನೆಯ ಸೂಕ್ತವು ಆದೇಶಿಸುತ್ತದೆ. ಮಂಚೇನಹಳ್ಳಿಯಂತಹ ಊರಿನಲ್ಲಿ ಹೊಸ್ತಿಲಿನ ಈ ಮರ್ಯಾದೆಯನ್ನು ಇಂದಿಗೂ ಕಾಯುತ್ತೇವೆ. ಆದರೆ ನಿಕಾಹ್‌ನ ದಿನ ಒಳಕೋಣೆಯಲ್ಲಿ ತೆಗೆದ ಹೆಣ್ಣುಮಕ್ಕಳ ಫೋಟೋವನ್ನು ಸ್ನ್ಯಾಪ್‌ಚಾಟ್‌ನಲ್ಲಿ ಕಳುಹಿಸುವಾಗ ಯಾರ ಅನುಮತಿ ಕೇಳುತ್ತೇವೆ?

"ನೋಡಿದೊಡನೆ ಅಳಿಸಿಹೋಗುತ್ತದಲ್ಲ" ಎನ್ನುತ್ತಾರೆ ಮಕ್ಕಳು. ಈ ಭರವಸೆ ಸುಳ್ಳೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲೇ ಆ ಕಂಪೆನಿಯ ಮೇಲೆ ಆರೋಪ ಹೊರಿಸಿತ್ತು. ಪಡೆದವನು ಸ್ಕ್ರೀನ್‌ಶಾಟ್ ತೆಗೆಯಬಹುದು. ಮತ್ತೊಂದು ಮೊಬೈಲನ್ನು ಎದುರು ಹಿಡಿದು ಕ್ಲಿಕ್ಕಿಸಿದರಂತೂ ಕಳುಹಿಸಿದವಳಿಗೆ ಸುಳಿವೂ ಸಿಗದು. ಆದುದರಿಂದ ಅಪರಿಚಿತರನ್ನು ಗೆಳೆಯರ ಪಟ್ಟಿಗೆ ಸೇರಿಸದಿರಿ. ನೀವಿರುವ ಸ್ಥಳವನ್ನು ತೋರಿಸುವ ನಕ್ಷೆಯಲ್ಲಿ 'ಘೋಸ್ಟ್ ಮೋಡ್' ಇರಿಸಿ. 13 ವರ್ಷ ತುಂಬದವರಿಗೆ ಖಾತೆ ತೆರೆಯಲು ಕಂಪೆನಿಯ ನಿಯಮವೇ ಒಪ್ಪುವುದಿಲ್ಲ.

ಇನ್ನು ತಂದೆತಾಯಿಯರಿಗೊಂದು ಮಾತು. ಚಿತ್ರವನ್ನು ಮುಂದಿಟ್ಟು ಯಾರಾದರೂ ಮಗಳನ್ನು ಬೆದರಿಸಿದರೆ ನಮ್ಮ ಮನೆಗಳಲ್ಲಿ ಮೊದಲು ಏಟು ಬೀಳುವುದು ಅವಳಿಗೇ; ಮರುದಿನ ಕಾಲೇಜೂ ನಿಲ್ಲುತ್ತದೆ. ಇದಾವ ನ್ಯಾಯ? ಅಮಾನತಿಗೆ ದ್ರೋಹ ಬಗೆದವನು ಬೆದರಿಸಿದವನಲ್ಲವೇ? ಅವನಿಗೆ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಚಿಕ್ಕ ಮಕ್ಕಳಾದರೆ 1098 ಕೂಡ ಇದೆ. ಠಾಣೆಗೆ ಹೋಗಬೇಕಾಗಿ ಬಂದರೆ ಅವಳೊಬ್ಬಳನ್ನೇ ಕಳುಹಿಸದೆ ನೀವೂ ಜೊತೆಗೆ ಹೋಗಿ.