ಮಲಗಲಿ ಬಿಡಿ

ಮೇಲಿನ ಮಾತನ್ನು ಹೇಳಿದವರಲ್ಲಿ ನಾನೂ ಒಬ್ಬ. ಅದನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ಬಂಟ್ವಾಳ ವಲಯದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ಒಂದು ಮನೆಯ ರೋಸ್ ಸಮಾರಂಭಕ್ಕೆ ಹೋಗಿದ್ದೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಕಾರ್ಯ ಮುಗಿದು ಊಟ ನಡೆಯುತ್ತಿತ್ತು. ಚಪ್ಪರದ ಕಂಬಕ್ಕೆ ಒರಗಿ ಮದುಮಗಳ ಸೋದರಮಾವ ಕುಳಿತಿದ್ದರು. ವಯಸ್ಸು ನಲವತ್ತೆಂಟು. ಸಂಜೆಯಿಂದಲೇ ಗ್ಲಾಸು ಕೈಯಲ್ಲಿತ್ತು. ಯಾರೋ ಮಾತನಾಡಿಸಿದಾಗ ಅವರ ನಾಲಿಗೆ ತೊದಲಿತು. ಬಾಯಿಯ ಒಂದು ಬದಿ ಸ್ವಲ್ಪ ಜೋತಂತೆ ಕಂಡಿತು. ಏಳಲು ಹೋಗಿ ಬಲಕ್ಕೆ ವಾಲಿದರು. ಸುತ್ತಲಿದ್ದವರು ನಕ್ಕರು. ಅವರ ಪತ್ನಿ ಗಾಬರಿಯಿಂದ ನನ್ನತ್ತ ನೋಡಿದರು. ನಾನು, ದೊಡ್ಡ ಮನಸ್ಸಿನವನಂತೆ, "ಸ್ವಲ್ಪ ಜಾಸ್ತಿಯಾಗಿದೆ ಅಷ್ಟೇ, ಮಲಗಲಿ ಬಿಡಿ, ಬೆಳಿಗ್ಗೆ ಸರಿಯಾಗುತ್ತಾರೆ" ಎಂದೆ. ಇಬ್ಬರು ಯುವಕರು ಅವರನ್ನು ಎತ್ತಿಕೊಂಡು ಹೋಗಿ ಒಳಗಿನ ಚಾಪೆಯ ಮೇಲೆ ಮಲಗಿಸಿದರು.

ಬೆಳಿಗ್ಗೆ ಅವರ ಬಲಗೈ, ಬಲಗಾಲು ಅಲುಗಲಿಲ್ಲ. ಮಾತು ಹೊರಡಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇದು ಎಷ್ಟು ಗಂಟೆಗೆ ಆರಂಭವಾಯಿತು?" ಎಂಬುದು. ಆ ಪ್ರಶ್ನೆಗೆ ಸರಿಯಾದ ಉತ್ತರ ಬಲ್ಲವನು ನಾನೇ ಆಗಿದ್ದೆ. ರಾತ್ರಿ ಒಂಬತ್ತೂವರೆ. ಆದರೆ ಅಷ್ಟರಲ್ಲಿ ಹತ್ತು ಗಂಟೆಗಳು ಕಳೆದುಹೋಗಿದ್ದವು.

ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುವ ಪಾರ್ಶ್ವವಾಯುವಿಗೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಏಕೆಂದರೆ ನಾಳ ಒಡೆದು ರಕ್ತ ಸುರಿದಿದ್ದರೆ ಅದೇ ಮದ್ದು ಪ್ರಾಣವನ್ನೇ ತೆಗೆಯಬಹುದು. ದೊಡ್ಡ ನಾಳವೊಂದು ಮುಚ್ಚಿಹೋದರೆ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಮೆರಿಕದ ತಜ್ಞರೊಬ್ಬರು ಲೆಕ್ಕ ಹಾಕಿದರು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಚಾರ್ಮಾಡಿ, ದಿಡುಪೆಯ ಕಡೆಯವರಿಗೆ ಇನ್ನೂ ದೂರ. ನಮ್ಮ ಊರುಗಳಲ್ಲಿ ದಾರಿಯೇ ಸಮಯವನ್ನು ತಿನ್ನುತ್ತದೆ. ಉಳಿದ ಸಮಯವನ್ನು ನಮ್ಮ ತೀರ್ಪು ತಿಂದುಹಾಕಬಾರದಿತ್ತು.

ತೀರ್ಪು ಎಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ. ಆ ರಾತ್ರಿ ನಾವು ಅವರನ್ನು ಕಂಡದ್ದು ರೋಗಿಯಾಗಿ ಅಲ್ಲ, ಕುಡುಕನಾಗಿ. ಕುಡುಕನೆಂದು ತೀರ್ಮಾನಿಸಿದ ಮೇಲೆ ನೋಡುವುದಕ್ಕೆ ಬೇರೇನೂ ಉಳಿಯಲಿಲ್ಲ.

ತಿಂಗಳ ಬಳಿಕ ಅವರ ಮನೆಗೆ ಪರಮಪ್ರಸಾದ ಕೊಂಡೊಯ್ದಾಗ ಅವರ ಪತ್ನಿ ಬಾಗಿಲ ಬಳಿ ನನ್ನನ್ನು ತಡೆದು ಕೇಳಿದರು: "ಫಾದರ್, ಇದು ದೇವರ ಶಿಕ್ಷೆಯೋ?" ಖಂಡಿತ ಅಲ್ಲವೆಂದೆ. ಯೊವಾನ್ನರ ಶುಭಸಂದೇಶದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರೆಂದು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದ ಪ್ರಸಂಗವನ್ನು ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಆ ಕುರುಡ ಕುಡಿಯುತ್ತಿರಲಿಲ್ಲವಲ್ಲ ಫಾದರ್? ಇವರಿಗೆ ಕುಡಿತದಿಂದಲೇ ಬಂದದ್ದು ಎಂದು ಡಾಕ್ಟರು ಹೇಳಿದ್ದಾರೆ" ಎಂದರು.

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದಿದ್ದೇನೆ. ಆದರೂ ಆ ಬಾಗಿಲಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಕಾರಣ ಬೇರೆ, ಅಪರಾಧ ಬೇರೆ ಎಂದು ಹೇಳುವುದು ಸುಲಭ. ಆದರೆ ಮನುಷ್ಯನ ಸ್ವಂತ ಕೃತ್ಯವೇ ಕಾರಣವಾದಾಗ ಅವೆರಡನ್ನು ಬೇರ್ಪಡಿಸುವುದು ಹೇಗೆ?

ಮೊದಲು ಕಾರಣವನ್ನೇ ನೋಡೋಣ. ಮದ್ಯವು ರಕ್ತದೊತ್ತಡವನ್ನು ಏರಿಸುತ್ತದೆ. ಹಾನಿಯ ದೊಡ್ಡ ಪಾಲು ಅದರಿಂದಲೇ. ವಿಪರೀತ ಕುಡಿತದ ಬೆನ್ನಿಗೆ ಹೃದಯದ ಬಡಿತ ತಾಳ ತಪ್ಪುವುದುಂಟು. ಆಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ರಜೆ, ಹಬ್ಬಗಳ ಬಳಿಕ ಹೀಗಾಗುವುದನ್ನು ಕಂಡ ಅಮೆರಿಕದ ವೈದ್ಯರು 1978ರಲ್ಲಿ ಇದನ್ನು ರಜಾದಿನದ ಹೃದಯ ಎಂದೇ ಕರೆದರು. ಇನ್ನೊಂದು ಕಡೆ, ದೀರ್ಘಕಾಲದ ಕುಡಿತದಿಂದ ಯಕೃತ್ತು ಕೆಟ್ಟರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿ, ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ನಮ್ಮವರ ಒಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಸಂಜೆ ಗ್ಲಾಸು ಹಿಡಿಯುವ ದಿನ "ಇವತ್ತು ಮಾತ್ರೆ ಬೇಡ" ಎಂದು ರಕ್ತದೊತ್ತಡದ ಮಾತ್ರೆಯನ್ನೇ ಬಿಡುತ್ತಾರೆ. ಔಷಧ ಬಹಳ ಅಗತ್ಯವಾದ ರಾತ್ರಿಯೇ ಅದು ಹೊಟ್ಟೆಗೆ ಬೀಳುವುದಿಲ್ಲ.

ಆದರೆ ಕಾರಣ ಮದ್ಯವೊಂದೇ ಅಲ್ಲ. ಭಾರತವೂ ಸೇರಿದಂತೆ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ, ನಾವು ಬದಲಾಯಿಸಬಹುದಾದ ಅಥವಾ ಹತೋಟಿಯಲ್ಲಿಡಬಹುದಾದ ಹತ್ತು ಸಂಗತಿಗಳೇ ಪಾರ್ಶ್ವವಾಯುವಿನ ನೂರರಲ್ಲಿ ಸುಮಾರು ತೊಂಬತ್ತು ಪಾಲಿಗೆ ಕಾರಣ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಏರಿದ ರಕ್ತದೊತ್ತಡ. ಧೂಮಪಾನ, ಮಧುಮೇಹ, ಹೊಟ್ಟೆಯ ಬೊಜ್ಜು, ಮೈ ಬಗ್ಗಿಸದ ಜೀವನ, ಆಹಾರ, ಮನಸ್ಸಿನ ಒತ್ತಡ, ಮದ್ಯ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಮನೆಗಳಲ್ಲಿ ಗಂಜಿಯ ಜೊತೆಗಿರುವ ಒಣಮೀನು, ಉಪ್ಪಿನಕಾಯಿ, ಮಳೆಗಾಲಕ್ಕೆಂದು ಭರಣಿಯಲ್ಲಿಟ್ಟ ಉಪ್ಪುಸೊಳೆಯನ್ನು ನೆನೆಯಿರಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಆ ಬೀಡಿಯನ್ನು ಸೇದಿದವರ ರಕ್ತನಾಳಗಳ ಕಥೆಯನ್ನು ನಾವು ಕೇಳಲಿಲ್ಲ. ನನ್ನ ಈ ಸ್ನೇಹಿತರಿಗೆ ಬೀಡಿಯೂ ಇತ್ತು, ಅಳೆಯದೇ ಬಿಟ್ಟ ರಕ್ತದೊತ್ತಡವೂ ಇತ್ತು.

ಮುಂದೆ ಮೂಡುಬಿದಿರೆಯ ಕಡೆ ಸೇವೆಯಲ್ಲಿದ್ದಾಗ ಇನ್ನೊಂದು ಮನೆಯನ್ನು ಕಂಡೆ. ಮದ್ಯದ ವಾಸನೆಯನ್ನೂ ಸಹಿಸದ, ಪ್ರತಿದಿನ ಬಲಿಪೂಜೆಗೆ ಬರುತ್ತಿದ್ದ ಹಿರಿಯ ತಾಯಿಯೊಬ್ಬರಿಗೆ ಲಕ್ವ ಹೊಡೆಯಿತು. ತಲೆನೋವಿಲ್ಲ, ಸುಸ್ತಿಲ್ಲ, ಇನ್ನೇಕೆ ಎಂದು ಆರು ತಿಂಗಳ ಹಿಂದೆ ಅವರು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿದ್ದರು. ಇಡೀ ವಾಳೆಯವರು ಬಂದು ಸೇವೆ ಮಾಡಿದರು, ಜಪಸರ ಹೇಳಿದರು. ಇದು ದೇವರು ಕೊಟ್ಟ ಪರೀಕ್ಷೆ ಎಂದರು. ಬಂಟ್ವಾಳದ ಸೋದರಮಾವನ ಬಗ್ಗೆ ಮಾತ್ರ, ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಊರಲ್ಲಿ ಉಳಿಯಿತು. ಇಬ್ಬರೂ ತಮ್ಮ ಶರೀರದ ವಿಷಯದಲ್ಲಿ ಉದಾಸೀನ ಮಾಡಿದವರೇ. ರೋಗವೂ ಒಂದೇ. ಒಬ್ಬರಿಗೆ ಅನುಕಂಪ, ಇನ್ನೊಬ್ಬರಿಗೆ ಗಾದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಯಾರಿಗೂ ಹೊಣೆಯಿಲ್ಲವೇ? ಇದೆ. ದೂರುವುದು ಹಿಂದಕ್ಕೆ ನೋಡುತ್ತದೆ, ಒಬ್ಬನನ್ನೇ ಹುಡುಕುತ್ತದೆ. ಹೊಣೆ ಮುಂದಕ್ಕೆ ನೋಡುತ್ತದೆ. ಹಲವರ ಹೆಗಲನ್ನು ಕೇಳುತ್ತದೆ. ಆ ರಾತ್ರಿಯ ಗ್ಲಾಸನ್ನು ಅವರೊಬ್ಬರೇ ತುಂಬಿಸಿಕೊಂಡರೇ? ಅತಿಥಿ ಕುಡಿಯದಿದ್ದರೆ ಮರ್ಯಾದೆ ಹೋಯಿತೆಂದು ಭಾವಿಸುವ ಯಜಮಾನ, "ಒಂದೇ ಒಂದು" ಎಂದು ನಾಲ್ಕು ಸಲ ಸುರಿದ ಗೆಳೆಯ, ಆ ಮೇಜನ್ನು ಆಶೀರ್ವದಿಸಿ ತಾನೂ ಒಂದು ಗ್ಲಾಸು ಸ್ವೀಕರಿಸಿದ ಧರ್ಮಗುರು, ನಾವೆಲ್ಲ ಅಲ್ಲಿದ್ದೆವು. ಮಿತಸಂಯಮವನ್ನು ನಾವು ಒಬ್ಬೊಬ್ಬರ ಖಾಸಗಿ ಸದ್ಗುಣವೆಂದು ಸತ್ಯೋಪದೇಶದಲ್ಲಿ ಕಲಿಸುತ್ತೇವೆ, ಆದರೆ ಕುಡಿಸುವುದನ್ನು ಮನೆತನದ ಸೌಜನ್ಯವೆಂದು ಆಚರಿಸುತ್ತೇವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ನಮ್ಮ ಸಮಾರಂಭಗಳ ಮೇಜಿನ ಮೇಲೆ ಇರುವುದು ಸಾರಾಯಿಯಲ್ಲವಲ್ಲ, ಆದ್ದರಿಂದ ಅದು ಗೌರವದ ವಸ್ತು ಎಂದುಕೊಂಡೆವು. ಮೆದುಳಿನ ನಾಳಕ್ಕೆ ಬಾಟಲಿಯ ಬೆಲೆ ಗೊತ್ತಾಗುವುದಿಲ್ಲ.

ಈ ಮಾತು ಬಂದಾಗಲೆಲ್ಲ ಕಾನಾ ಊರಿನ ಮದುವೆಯನ್ನು ಎತ್ತುತ್ತಾರೆ. ಪವಿತ್ರ ಬೈಬಲಿನ ಬೇರೇನೂ ನೆನಪಿಲ್ಲದವರಿಗೂ ಸಂತ ಪೌಲರು ತಿಮೊಥೇಯನ ಹೊಟ್ಟೆನೋವಿಗೆ ಕೊಟ್ಟ ಸಲಹೆ ಬಾಯಿಪಾಠ! ದ್ರಾಕ್ಷಾರಸವೇ ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ, ನಾನೂ ಬೋಧಿಸಲಾರೆ. ಆದರೆ ಪೌಲರು ಅಂದಿನ ತಿಳಿವಳಿಕೆಯಂತೆ ಔಷಧ ಹೇಳಿದರು. ಇಂದಿನ ತಿಳಿವಳಿಕೆ ಬದಲಾಗಿದೆ. ಸ್ವಲ್ಪ ಕುಡಿದರೆ ರಕ್ತನಾಳಕ್ಕೆ ಒಳ್ಳೆಯದೆಂಬ ನಂಬಿಕೆ ಬಹುಕಾಲವಿತ್ತು. ಚೀನಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಪರೀಕ್ಷಿಸಿತು. ಅಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಮದ್ಯ ಒಗ್ಗದ ವಂಶವಾಹಿ ಇದೆ. ಹಾಗಾಗಿ ಅಂಥವರು ಕಡಿಮೆ ಕುಡಿಯುತ್ತಾರೆ. ಆ ವಂಶವಾಹಿಯ ಆಧಾರದಲ್ಲಿ ಹೋಲಿಸಿದಾಗ, ಪುರುಷರಲ್ಲಿ ಮದ್ಯ ಹೆಚ್ಚಿದಷ್ಟೂ ಪಾರ್ಶ್ವವಾಯು ಹೆಚ್ಚಿತು. ಮಿತವಾಗಿ ಕುಡಿದವರಿಗೂ ರಕ್ಷಣೆ ಕಾಣಲಿಲ್ಲ. ಬಹುತೇಕ ಕುಡಿಯದಿರುವ ಅಲ್ಲಿನ ಸ್ತ್ರೀಯರಲ್ಲಿ ಅದೇ ವಂಶವಾಹಿಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಎಂದರೆ ವ್ಯತ್ಯಾಸ ಮಾಡಿದ್ದು ಮದ್ಯವೇ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

"ನನ್ನ ಅಜ್ಜ ದಿನಾ ಕಳ್ಳು ಕುಡಿದು ತೊಂಬತ್ತು ವರ್ಷ ಬದುಕಿದರು" ಎನ್ನುವವರಿದ್ದಾರೆ. ಬದುಕಿರಬಹುದು. ಐವತ್ತರಲ್ಲಿ ಹೋದ ಅಜ್ಜಂದಿರ ಕಥೆ ಹೇಳಲು ಅವರ ಮೊಮ್ಮಕ್ಕಳಿಗೆ ನೆನಪೇ ಇಲ್ಲ.

ಬಿಡಲಾಗದವರ ವಿಷಯ ಬೇರೆ. ಅವರಿಗೆ ಪ್ರಸಂಗ ಸಾಲದು, ಚಿಕಿತ್ಸೆ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಿಗೆ ನಮ್ಮ ಕ್ರೈಸ್ತ ಸಹೋದರರನ್ನು ಕಳುಹಿಸಲು ನಾನು ಹಿಂಜರಿದಿಲ್ಲ. ಬಹುಕಾಲ ಹೆಚ್ಚು ಕುಡಿದವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯವೆಂಬುದನ್ನೂ ಮನೆಯವರು ತಿಳಿದಿರಬೇಕು.

ಇನ್ನು, ಸಮಾರಂಭದಲ್ಲಿ ಯಾರಾದರೂ ತೊದಲಿದರೆ, ಓಲಾಡಿದರೆ, ದಯವಿಟ್ಟು ನಗುವ ಮೊದಲು ಮೂರು ಕೆಲಸ ಮಾಡಿಸಿ. ನಗಲು ಹೇಳಿ, ಮುಖ ಒಂದು ಬದಿಗೆ ಜಾರುತ್ತದೆಯೇ ನೋಡಿ. ಎರಡೂ ಕೈಗಳನ್ನು ಎತ್ತಲು ಹೇಳಿ, ಒಂದು ಕೆಳಗೆ ಬೀಳುತ್ತದೆಯೇ ನೋಡಿ. ಒಂದು ಸರಳ ವಾಕ್ಯ ಹೇಳಿಸಿ. ಅಮಲು ಸಾಮಾನ್ಯವಾಗಿ ಮೈಯ ಎರಡೂ ಬದಿಯನ್ನು ಸಡಿಲಿಸುತ್ತದೆ. ಪಾರ್ಶ್ವವಾಯು ಹೆಸರೇ ಹೇಳುವಂತೆ ಹೆಚ್ಚಾಗಿ ಒಂದು ಪಾರ್ಶ್ವವನ್ನು ಹಿಡಿಯುತ್ತದೆ. ಸಂದೇಹವಿದ್ದರೂ 108ಕ್ಕೆ ಕರೆ ಮಾಡಿ, ಗಂಟೆಯನ್ನು ಗುರುತಿಸಿಡಿ. ಅಮಲೇ ಆಗಿದ್ದರೆ ಹೋಗುವುದು ಒಂದಿಷ್ಟು ಮರ್ಯಾದೆ ಮಾತ್ರ.

ಅಂದು ಬಾಗಿಲಲ್ಲಿ ಉತ್ತರ ಕೊಡಲಾಗದೆ ಒಳಗೆ ಹೋದ ನಾನು, ಮುಂದಿನ ತಿಂಗಳು ಆ ದಂಪತಿಗಳ ಮುಂದೆ ಕುಳಿತು, ಮಲಗಲಿ ಬಿಡಿ ಎಂದವನು ನಾನೇ, ಕ್ಷಮಿಸಬೇಕು ಎಂದೆ. ಅವರಿಗೆ ಮಾತಿರಲಿಲ್ಲ. ಎಡಗೈಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟರು. ಆಕೆ ಅಡುಗೆಮನೆಗೆ ಎದ್ದು ಹೋದರು; ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಎಂದು ನಾನು ಈವರೆಗೆ ಕೇಳಿಲ್ಲ.

ಕೆಲವು ವರ್ಷಗಳ ಬಳಿಕ ಅವರ ಮಗಳ ಮದುವೆಗೆ ನನ್ನನ್ನು ಕರೆದರು. ಟೋಸ್ಟಿಗೆ ಇಟ್ಟಿದ್ದು ಪುನರ್ಪುಳಿ ಶರಬತ್ತು. ಕೆಲವು ನೆಂಟರು ಮುಖ ಗಂಟಿಕ್ಕಿದರು. ಇನ್ನು ಕೆಲವರು ಸಭಾಭವನದ ಹಿಂದೆ ನಿಲ್ಲಿಸಿದ್ದ ಕಾರಿನ ಡಿಕ್ಕಿಯ ಕಡೆ ಮೆಲ್ಲನೆ ನಡೆದರು. ಗಾಲಿಕುರ್ಚಿಯಲ್ಲಿದ್ದ ತಂದೆ ಎಡಗೈಯಲ್ಲಿ ಗ್ಲಾಸು ಎತ್ತಿದರು. ಶರಬತ್ತು ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು, ಮಗಳು ಸೆರಗಿನಿಂದ ಒರೆಸಿದಳು.