ಎಡಗೈ ದೋಷವೆ?

ಮಕ್ಕಳಿಗೆ ಆಚಾರವನ್ನು ಕಲಿಸುವುದು ಹಿರಿಯರ ಕರ್ತವ್ಯ. ಆದರೆ ಹುಟ್ಟಿನಿಂದಲೇ ಬಂದ ಒಲವನ್ನು ಮಗುವಿನ ಅಪರಾಧವೆಂದು ಎಣಿಸಬಹುದೆ? ಎಡಗೈ ಮುಂದಾಗಿರುವ ಮಕ್ಕಳ ವಿಷಯದಲ್ಲಿ ನಾವು ವಿಚಾರಮಾಡಬೇಕಾದ ಪ್ರಶ್ನೆ ಇದು.

ಜನಕಪುರಿಯಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ಊರಿನಿಂದ ದೂರ ಬೆಳೆಯುವ ಮಗುವಿಗೆ ನಮ್ಮ ಸಂಪ್ರದಾಯದ ಪರಿಚಯವಾಗುವುದು ಅಜ್ಜ-ಅಜ್ಜಿಯರು ಬಂದಾಗ, ಕೃಷ್ಣಾಷ್ಟಮಿ, ಮಧ್ವನವಮಿಗಳಂದು ಮಠಕ್ಕೆ ಹೋದಾಗ. ವರ್ಷದಲ್ಲಿ ಕೆಲವೇ ದಿನ. ಆ ದಿನಗಳಲ್ಲಿಯೇ ತೀರ್ಥದ ಸಾಲಿನಲ್ಲಿ ನಾಲ್ಕು ಜನರ ಮುಂದೆ ‘ಎಡಚ’, ‘ರೊಡ್ಡ’ ಎನ್ನಿಸಿಕೊಂಡರೆ, ಮುಂದಿನ ಸಲ ಅದು ಮಠಕ್ಕೆ ಬರಲೊಲ್ಲದು. ಕೈಯನ್ನು ತಿದ್ದಲು ಹೋಗಿ ಮನಸ್ಸನ್ನೇ ಕಳೆದುಕೊಂಡಂತಾಗುತ್ತದೆ.

ಮನುಷ್ಯರಲ್ಲಿ ಹೆಚ್ಚುಕಡಿಮೆ 100ಕ್ಕೆ 10 ಮಂದಿ ಎಡಗೈಯವರು. ಗರ್ಭದಲ್ಲಿರುವ ಶಿಶು ಯಾವ ಕೈಯ ಹೆಬ್ಬೆರಳನ್ನು ಚೀಪುತ್ತದೆಂಬುದನ್ನು ಸ್ಕ್ಯಾನಿಂಗಿನಲ್ಲಿ ಗಮನಿಸಿದ ವೈದ್ಯವಿಜ್ಞಾನಿಗಳು, ಈ ಒಲವು ಹುಟ್ಟುವ ಮೊದಲೇ ತೋರುತ್ತದೆಂದು ತಿಳಿಸಿದ್ದಾರೆ. ಒಂದೇ ಅಂಡದಿಂದಾದ ಅವಳಿಗಳಲ್ಲಿಯೂ ಒಬ್ಬನು ಎಡಗೈ, ಇನ್ನೊಬ್ಬನು ಬಲಗೈ ಆಗುವುದುಂಟು. ಆದ್ದರಿಂದ ಇದು ಮಗುವಿನ ಹಟವೂ ಅಲ್ಲ, ತಾಯಿಯ ಅಲಕ್ಷ್ಯವೂ ಅಲ್ಲ.

ಶಾಸ್ತ್ರದೃಷ್ಟಿಯಿಂದಲೂ ನೋಡೋಣ. ಜೀವನು ದೇಹಕ್ಕಿಂತ ಭಿನ್ನನು. ಎಡಬಲಗಳು ದೇಹಕ್ಕೆ ಸೇರಿದವು. ಆ ದೇಹವಾದರೂ ಜೀವನು ಸ್ವತಂತ್ರವಾಗಿ ಆರಿಸಿಕೊಂಡದ್ದಲ್ಲ, ಶ್ರೀಹರಿಯು ಕೊಟ್ಟದ್ದು. ಹೀಗಿರಲು ಕೈಯನ್ನು ನೋಡಿ ಜೀವನ ಯೋಗ್ಯತೆಯನ್ನು ಅಳೆಯುವುದು ಹೇಗೆ? ಆಚಮನದಲ್ಲಿ ನಾವು ನಿತ್ಯವೂ ಸ್ಮರಿಸುವ ಕೇಶವಾದಿ 24 ರೂಪಗಳನ್ನು ಗುರುತಿಸುವುದೇ ಶಂಖ, ಚಕ್ರ, ಗದೆ, ಪದ್ಮಗಳಲ್ಲಿ ಯಾವುದು ಯಾವ ಕೈಯಲ್ಲಿದೆ ಎಂಬುದರಿಂದ. ಅದರಿಂದ ಒಂದು ರೂಪ ಹೆಚ್ಚು, ಇನ್ನೊಂದು ಕಡಿಮೆ ಎನ್ನುವವರುಂಟೆ? ಉಡುಪಿಯ ಶ್ರೀಕೃಷ್ಣನ ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ನೇಣು. ವಿಶ್ವರೂಪವನ್ನು ತೋರಿ, ನೀನು ನಿಮಿತ್ತಮಾತ್ರನೆಂದು ಉಪದೇಶಿಸುವಾಗ ಆ ಸ್ವಾಮಿಯು ಅರ್ಜುನನನ್ನು ಕರೆದದ್ದು ‘ಸವ್ಯಸಾಚಿ’ ಎಂದು. ಎಡಗೈಯಿಂದಲೂ ಗಾಂಡೀವವನ್ನು ಸೆಳೆಯಬಲ್ಲವನೆಂದು ಆ ಹೆಸರಿನ ಅರ್ಥ. ಆ ಕೌಶಲವೂ ಅವನಿತ್ತದ್ದೇ.

ಹಾಗಾದರೆ ಆಚಾರವನ್ನು ಸಡಿಲಿಸಬೇಕೆ? ಖಂಡಿತ ಇಲ್ಲ. ತೀರ್ಥಸ್ವೀಕಾರ, ಆಚಮನ, ಜಪ, ಭೋಜನ ಇವು ಬಲಗೈಯಿಂದಲೇ ಆಗಬೇಕೆಂಬುದು ವಿಧಿ. ಬರೆಯುವುದು, ತರಕಾರಿ ಹೆಚ್ಚುವುದು, ಚೆಂಡೆಸೆಯುವುದು ಇವು ಕೇವಲ ಲೌಕಿಕ ವ್ಯವಹಾರ. ವಿಧಿಯಿರುವಲ್ಲಿ ಅಭ್ಯಾಸ ಮಾಡಿಸೋಣ. ಇಲ್ಲದಲ್ಲಿ ಮಗುವನ್ನು ಅದರ ಪಾಡಿಗೆ ಬಿಡೋಣ. ಒಂದರಲ್ಲಿ ಬಿಟ್ಟರೆ ಎಲ್ಲದರಲ್ಲಿಯೂ ಬಿಟ್ಟಂತಾಗುವುದೆಂದು ಕೆಲವರು ಶಂಕಿಸುತ್ತಾರೆ. ಆದರೆ ಎಡಗೈಯಿಂದ ಬರೆದು ಬಲಗೈಯಿಂದ ಉಣ್ಣುವವರು ನಮ್ಮ ಮನೆಗಳಲ್ಲಿಯೇ ಅನೇಕರಿದ್ದಾರೆ.

ಇನ್ನೊಂದು ಕೈಯನ್ನು ಪಳಗಿಸುವುದು ಅಸಾಧ್ಯವಲ್ಲ. 1909ರಲ್ಲಿ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತರೆ ಗಾಂಧೀಜಿಯವರು ಎಡಗೈಯಿಂದ ಬರೆದರು. 1981-82ರ ರಣಜಿ ಸೆಮಿಫೈನಲ್ ಪಂದ್ಯದಲ್ಲಿ, ಬೆಂಗಳೂರಿನಲ್ಲಿ, ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರನ್ನು ಎದುರಿಸಲು ಸುನೀಲ ಗಾವಸ್ಕರರು ಎಡಗೈ ಬ್ಯಾಟ್ಸ್‌ಮನ್ನಂತೆ ನಿಂತು ಆಡಿದರು. ಪೂಜೆಯಲ್ಲಿ ಎಡಗೈಯಿಂದ ಘಂಟೆ ಬಾರಿಸುತ್ತ ಬಲಗೈಯಿಂದ ಆರತಿ ಎತ್ತುವುದು ಬಲಗೈಯವರಿಗೂ ಮೊದಲ ದಿನವೇ ಬರುವುದಿಲ್ಲ. ಇವೆಲ್ಲ ಪ್ರಯೋಜನವನ್ನು ತಿಳಿದು ಮಾಡಿದ ಅಭ್ಯಾಸದಿಂದ ಬಂದವು, ಬೈಗುಳದಿಂದಲ್ಲ. ಗದರಿಕೆಗೆ ಅಂಜಿ ಬಲಗೈ ಚಾಚಿದ ಮಗುವಿಗೆ ಭಯ ಉಳಿಯುತ್ತದೆ. ತಿಳಿದು ಚಾಚಿದ ಮಗುವಿಗೆ ಆಚಾರ ಉಳಿಯುತ್ತದೆ.

ಆದ್ದರಿಂದ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಮಠಕ್ಕೆ ಬರುವ ಮೊದಲು ಮನೆಯ ದೇವರ ಮುಂದೆ ಒಂದು ಉದ್ಧರಣೆ ನೀರಿನಿಂದ ಮಗುವಿಗೆ ತೀರ್ಥ ತೆಗೆದುಕೊಳ್ಳುವುದನ್ನು ಆಡಿಸುತ್ತ ಕಲಿಸಿರಿ, ಕಾರಣವನ್ನೂ ಹೇಳಿರಿ. ಸಾಲಿನಲ್ಲಿ ಮರೆತು ಎಡಗೈ ಚಾಚಿದರೆ, ತೀರ್ಥ ಕೊಡುವವರು ಕ್ಷಣಕಾಲ ತಡೆದು “ಆ ಕೈ ಕೊಡಪ್ಪ” ಎಂದರೆ ಸಾಕು. ಹಿಂದೆ ನಿಂತವರು ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ.

|| ಶ್ರೀಕೃಷ್ಣಾರ್ಪಣಮಸ್ತು ||